14,999 ರೂಪಾಯಿಯ ‘ಬಿಸಿನೆಸ್ ಸ್ಟಾರ್ಟರ್ ಪ್ಯಾಕೇಜ್’: ಒಂದು ಹೊಲಿಗೆ ಅಂಗಡಿಯ ಲೆಕ್ಕದಿಂದ

ಐದಕ್ಕೆ ಒಂದೂವರೆ ಸ್ಟಾರ್. ಒಂದು ಸ್ಟಾರ್ ಫೋನಿನಲ್ಲಿ ಕನ್ನಡದಲ್ಲಿ ಸಮಾಧಾನದಿಂದ ಮಾತಾಡಿದ ಹುಡುಗಿಗೆ, ಅರ್ಧ ಸ್ಟಾರ್ ಕೇಳಿದ ಕೂಡಲೇ ಬಿಲ್ ಕಳಿಸಿದ್ದಕ್ಕೆ. ಕಂಪನಿಯ ಹೆಸರು ಬರೆಯುವುದಿಲ್ಲ. ಹೊಸ ಅಂಗಡಿಗೆ ಬೇಕಾದ ನೋಂದಣಿ, ಕಾಗದ ಎಲ್ಲ ಮಾಡಿಸಿಕೊಡುತ್ತೇವೆ ಎನ್ನುವ ಇದೇ ಅಚ್ಚಿನ ಪ್ಯಾಕೇಜ್ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಹೆಸರು ಬೇರೆ, ಬಣ್ಣ ಬೇರೆ, ಪಟ್ಟಿ ಅದೇ. ಹಾಗಾಗಿ ಯಾರದ್ದೇ ಪ್ಯಾಕೇಜ್ ನಿಮ್ಮ ಮುಂದಿದ್ದರೂ ಈ ವಿಮರ್ಶೆಯನ್ನು ಪಕ್ಕಕ್ಕಿಟ್ಟುಕೊಂಡು ಸಾಲುಸಾಲಾಗಿ ತಾಳೆ ನೋಡಬಹುದು.

ನಾನು ಹುಬ್ಬಳ್ಳಿಯಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುವವನು. ಸಿಎ ಅಲ್ಲ. ದುರ್ಗದಬೈಲ್ ಸುತ್ತಮುತ್ತಲಿನ ಬಳೆ ಅಂಗಡಿ, ಭಾಂಡೆ ಅಂಗಡಿ, ಒಂದೆರಡು ಪ್ರಿಂಟಿಂಗ್ ಪ್ರೆಸ್ಸು, ಇವರ ಖಾತೆ ಪುಸ್ತಕ ನನ್ನ ಹತ್ತಿರ ಇರುತ್ತವೆ. ಪ್ಯಾಕೇಜ್ ಕೊಂಡವಳು ನಮ್ಮ ಅಣ್ಣನ ಮಗಳು. ರುಡ್‌ಸೆಟ್ ಸಂಸ್ಥೆಯಲ್ಲಿ ಹೊಲಿಗೆ ಕಲಿತು ಬಂದವಳು, ಮನೆಯಲ್ಲೇ ಓಣಿಯವರ ಬ್ಲೌಸ್ ಹೊಲಿಯುತ್ತಿದ್ದಳು, ಈಗ ಹಳೇಹುಬ್ಬಳ್ಳಿಯಲ್ಲಿ ಒಂದು ಸಣ್ಣ ಮಳಿಗೆ ಹಿಡಿದಿದ್ದಾಳೆ. (ರುಡ್‌ಸೆಟ್ ಗೊತ್ತಿಲ್ಲದವರಿಗೆ: 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರು ಮತ್ತು ಆಗಿನ ಸಿಂಡಿಕೇಟ್, ಕೆನರಾ ಬ್ಯಾಂಕುಗಳು ಸೇರಿ ಶುರು ಮಾಡಿದ ಸ್ವಉದ್ಯೋಗ ತರಬೇತಿ. ಊಟ, ವಸತಿ, ಕಲಿಕೆ ಎಲ್ಲ ಪುಕ್ಕಟೆ. ದೇಶದ ಆರ್‌ಸೆಟಿಗಳೆಲ್ಲ, ಅಂದರೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳೆಲ್ಲ, ಇದೇ ಮಾದರಿಯಲ್ಲಿ ಹುಟ್ಟಿದವು. ಈ ಬರಹದಲ್ಲಿ ಐದಕ್ಕೆ ಐದು ಕೊಡಬೇಕಾದದ್ದು ಏನಾದರೂ ಇದ್ದರೆ ಅದೇ.)

ಅವಳು ಮೊಬೈಲಿನಲ್ಲಿ ‘ಎಂಎಸ್‌ಎಂಇ ರಿಜಿಸ್ಟ್ರೇಷನ್’ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ನೋಂದಣಿ) ಎಂದು ಹುಡುಕಿದ್ದಾಳೆ. ಮೊದಲಿಗೆ ಬಂದ ತಾಣ ನೋಡಲಿಕ್ಕೆ ಸರಕಾರದ್ದೇ ಅನ್ನುವ ಹಾಗಿತ್ತು: ಮೇಲೆ ತ್ರಿವರ್ಣದ ಪಟ್ಟಿ, ಪಕ್ಕಕ್ಕೆ ಅಶೋಕಚಕ್ರದಂಥ ಒಂದು ಚಕ್ರ, ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ‘ಇದು ಖಾಸಗಿ ಸಲಹಾ ಸಂಸ್ಥೆ’. ಹೆಸರು, ನಂಬರ್ ಹಾಕಿದ ಮೇಲೆ ಫೋನ್ ಬಂತು. ಫೋನ್ ಮುಗಿಯುವಷ್ಟರಲ್ಲಿ ಒಂದು ನೋಂದಣಿಗೆ ಹೋದವಳ ಕೈಗೆ ಇಡೀ ಪ್ಯಾಕೇಜ್ ಬಂದಿತ್ತು. ರೊಕ್ಕ ಕಟ್ಟಿ ಆದ ಮೇಲೆ ನನ್ನ ಹತ್ತಿರ ಬಂದಳು.

“ಕಾಕಾ, ಕಾಗದಾ ಬರಾಕ್ಹತ್ಯಾವ. ನೀವೊಮ್ಮೆ ನೋಡ್ರಿ, ಎಲ್ಲಾ ಬರೋಬ್ಬರಿ ಅದಾವೇನ್.”

ಮೊದಲು ಬಿಲ್ ನೋಡಿದೆ. 14,999ರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 17,698 ರೂಪಾಯಿ 82 ಪೈಸೆ. ಜಾಹೀರಾತಿನಲ್ಲಿ ಆ ಹದಿನೆಂಟರ ಮಾತೇ ಇರಲಿಲ್ಲ. ದೊಡ್ಡ ಕಂಪನಿಯಾದರೆ ಆ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ವಜಾ ಮಾಡಿಕೊಳ್ಳುತ್ತದೆ. ಹೊಲಿಗೆ ಅಂಗಡಿಯವಳಿಗೆ ಅದು ಪೂರಾ ಖರ್ಚು.

ಪಟ್ಟಿಯ ಮೊದಲ ಸಾಲು ಅವಳು ಹುಡುಕಿದ ಎಂಎಸ್‌ಎಂಇ ನೋಂದಣಿಯೇ: ‘ಉದ್ಯಮ್ ನೋಂದಣಿ, ಸರಕಾರಿ ಶುಲ್ಕ ಸೇರಿ’. ಸೇರಿದ್ದು ಸೊನ್ನೆ, ಯಾಕೆಂದರೆ ಸರಕಾರಿ ಶುಲ್ಕವೇ ಸೊನ್ನೆ. 2020ರ ಜುಲೈ 1ರಿಂದ ನಡೆದಿರುವ ಈ ನೋಂದಣಿಗೆ ಆಧಾರ್, ಪ್ಯಾನ್, ಒಂದು ಬ್ಯಾಂಕ್ ಖಾತೆಯ ವಿವರ ಇಷ್ಟಿದ್ದರೆ ಸಾಕು. ಒಂದು ಕಾಗದವನ್ನೂ ಅಪ್‌ಲೋಡ್ ಮಾಡುವುದಿಲ್ಲ. ನಾವು ಹೇಳಿದ್ದನ್ನೇ ನಂಬಿ ಸರ್ಟಿಫಿಕೇಟ್ ಕೊಡುತ್ತಾರೆ. ಆಧಾರಿಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು, ಅಷ್ಟೆ. ಅಸಲಿ ತಾಣದ ವಿಳಾಸ ‘ಜಿಒವಿ ಡಾಟ್ ಇನ್’ ಎಂದು ಮುಗಿಯುತ್ತದೆ, ಅಲ್ಲಿ ಯಾವ ಪುಟದಲ್ಲೂ ರೊಕ್ಕ ಕೇಳುವುದಿಲ್ಲ. 2025ರ ಏಪ್ರಿಲ್ 1ರಿಂದ ಎರಡೂವರೆ ಕೋಟಿಯ ಯಂತ್ರ, ಹತ್ತು ಕೋಟಿಯ ವಹಿವಾಟಿನ ತನಕ ಎಲ್ಲರೂ ‘ಸೂಕ್ಷ್ಮ ಉದ್ಯಮ’ವೇ. ಒಂದು ಪವರ್ ಮಷೀನಿನ ನಮ್ಮ ಹುಡುಗಿಯೂ ಹತ್ತು ಕೋಟಿಯ ಸಾಹುಕಾರನೂ ಒಂದೇ ಪಂಕ್ತಿ.

ರೊಕ್ಕ ತಗೊಂಡರೂ ಕೆಲಸ ನೆಟ್ಟಗೆ ಮಾಡಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಸರ್ಟಿಫಿಕೇಟಿನಲ್ಲಿ ‘ಚಟುವಟಿಕೆ’ ಅನ್ನುವ ಜಾಗ ನೋಡಿ: ಬಟ್ಟೆಯ ಚಿಲ್ಲರೆ ಮಾರಾಟ ಎಂದು ಕೋಡ್ ಹಾಕಿದ್ದಾರೆ. ಇವಳು ಬಟ್ಟೆ ಮಾರುವುದಿಲ್ಲ, ಹೊಲಿಯುತ್ತಾಳೆ. ಅಳತೆ ತಗೊಂಡು ಹೊಲಿದುಕೊಡುವ ಕೆಲಸಕ್ಕೆ ಎನ್‌ಐಸಿ ಪಟ್ಟಿಯಲ್ಲಿ (ಒಂದೊಂದು ಕಸುಬಿಗೂ ಒಂದೊಂದು ನಂಬರ್ ಕೊಟ್ಟ ಸರಕಾರಿ ಪಟ್ಟಿ) 14105 ಎಂಬ ಬೇರೆಯೇ ಕೋಡ್ ಇದೆ, ಅದು ತಯಾರಿಕೆಯ ಗುಂಪಿನಲ್ಲಿ ಬರುತ್ತದೆ. ಯಾವುದಾದರೇನು ಅನ್ನಬೇಡಿ. ಚಿಲ್ಲರೆ, ಸಗಟು ವ್ಯಾಪಾರಿಗಳನ್ನು 2021ರ ಜುಲೈಯಲ್ಲಿ ಉದ್ಯಮ್ ಒಳಗೆ ಸೇರಿಸಿಕೊಂಡಾಗಲೇ ಅವರಿಗೆ ಸಿಗುವುದು ಬ್ಯಾಂಕಿನ ಆದ್ಯತಾ ವಲಯದ ಸಾಲದ (ಬ್ಯಾಂಕುಗಳು ಇಂತಿಷ್ಟು ಕೊಡಲೇಬೇಕಾದ ಸಾಲ) ಅನುಕೂಲ ಮಾತ್ರ ಎಂದು ಹೇಳಿಬಿಟ್ಟಿದ್ದಾರೆ. ತಯಾರಕರಿಗಿರುವ ಬೇರೆ ಸವಲತ್ತು ಅವರಿಗಿಲ್ಲ. ಒಂದು ತಪ್ಪು ಕೋಡಿನಿಂದ ಹೊಲಿಗೆಯವಳು ಹೊಲಿಗೆಯವಳಾಗಿಯೇ ಉಳಿಯಲಿಲ್ಲ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಅರ್ಜಿಯ ಇಮೇಲ್ ಜಾಗದಲ್ಲಿ ಕಂಪನಿಯವರು ತಮ್ಮದೇ ಇಮೇಲ್ ಹಾಕಿಕೊಂಡಿದ್ದರು. ಮುಂದೆ ತಿದ್ದುಪಡಿ ಮಾಡಬೇಕೆಂದರೆ ಅರ್ಜಿಯಲ್ಲಿ ಕೊಟ್ಟ ಮೊಬೈಲಿಗೋ ಇಮೇಲಿಗೋ ಒಟಿಪಿ ಹೋಗುತ್ತದೆ. ಪುಣ್ಯಕ್ಕೆ ಮೊಬೈಲ್ ನಂಬರ್ ಇವಳದ್ದೇ ಇತ್ತು. ಅದರ ಮೇಲೆ ಒಳಹೊಕ್ಕು ಕೋಡ್ ಬದಲಿಸಿದೆವು, ಇಮೇಲ್ ಬದಲಿಸಿದೆವು, ಖರ್ಚು ಇಲ್ಲ. ಯಾರ ಕೈಯಲ್ಲಿ ಮಾಡಿಸಿದರೂ ಸರ್ಟಿಫಿಕೇಟ್ ಬಂದ ಕೂಡಲೇ ಹೆಸರಿಗಿಂತ ಮೊದಲು ಆ ಎರಡು ಜಾಗ ನೋಡಿ.

ಮಧ್ಯದ ನಾಲ್ಕು ಸಾಲುಗಳನ್ನು ಬೇಗ ಮುಗಿಸುತ್ತೇನೆ. ‘ಬಿಸಿನೆಸ್ ಪ್ಯಾನ್’: ಒಬ್ಬರೇ ಮಾಲೀಕರ ಅಂಗಡಿಗೆ ಬೇರೆ ಪ್ಯಾನ್ ಎಂಬುದೇ ಇಲ್ಲ, ಮಾಲೀಕರ ಪ್ಯಾನೇ ಅಂಗಡಿಯ ಪ್ಯಾನ್. ಎರಡನೆಯದು ಮಾಡಿಸಿಕೊಂಡರೆ 10,000 ರೂಪಾಯಿ ದಂಡಕ್ಕೆ ದಾರಿ. ‘ಆಮದು-ರಫ್ತು ಕೋಡ್’: ಸರಕಾರಿ ಶುಲ್ಕ 500 ರೂಪಾಯಿ, ತಗೊಂಡ ಮೇಲೆ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ಖಾತ್ರಿ ಮಾಡುತ್ತಿರಬೇಕು. ಹಳೇಹುಬ್ಬಳ್ಳಿಯ ಬ್ಲೌಸ್ ಸದ್ಯಕ್ಕೆ ಧಾರವಾಡ ದಾಟಿದರೆ ಸಾಕು. ‘ಸ್ಟಾರ್ಟಪ್ ಇಂಡಿಯಾ ಮಾನ್ಯತೆ’: ಪ್ರೈವೇಟ್ ಲಿಮಿಟೆಡ್ಡು, ಎಲ್‌ಎಲ್‌ಪಿ, ನೋಂದಾಯಿತ ಪಾಲುದಾರಿಕೆ ಇಂಥವಕ್ಕೆ ಕೊಡುವುದು, ಒಬ್ಬರೇ ಮಾಲೀಕರಿಗೆ ಕೊಡುವುದೇ ಇಲ್ಲ. ಕೊಡಲಿಕ್ಕಾಗದ್ದನ್ನು ಪಟ್ಟಿಯಲ್ಲಿ ಹಾಕಿ ರೊಕ್ಕ ತಗೊಂಡಿದ್ದಾರೆ. ‘ಐಎಸ್‌ಒ ಸರ್ಟಿಫಿಕೇಟ್’: ಯಾರೂ ಅಂಗಡಿಗೆ ಬಂದಿಲ್ಲ, ಏನನ್ನೂ ನೋಡಿಲ್ಲ, ಅಂಗಡಿ ಶುರುವೇ ಆಗಿಲ್ಲ, ಆದರೆ ಗುಣಮಟ್ಟ ಚೆನ್ನಾಗಿದೆ ಎಂದು ಬಂಗಾರದ ಅಂಚಿನ ಪತ್ರ ಬಂದಿದೆ. ಫ್ರೇಮ್ ಹಾಕಿಸಿದರೆ ಗೋಡೆಯ ಬಿರುಕು ಮುಚ್ಚಬಹುದು.

ಜಿಎಸ್‌ಟಿಯ ಸಾಲಿಗೆ ಮಾತ್ರ ನಿಲ್ಲಲೇಬೇಕು, ಯಾಕೆಂದರೆ ಇದು ರೊಕ್ಕ ಕಳೆಯುವುದಷ್ಟೇ ಅಲ್ಲ, ಮುಂದಕ್ಕೂ ತಲೆನೋವು ತರುತ್ತದೆ. ನನ್ನ ಹತ್ತಿರ ಬರುವಾಗ ಅರ್ಜಿ ಇನ್ನೂ ಹೋಗಿರಲಿಲ್ಲ, ಒಟಿಪಿ ಕೇಳುತ್ತಿದ್ದರು. ಬೇಡ ಅಂದೆವು. ಆಗ ಆ ಕಡೆಯಿಂದ ಬಂದ ಮಾತು: “ಮೇಡಂ, ಯುಪಿಐ ಸ್ಕ್ಯಾನರ್ ಇಟ್ರೆ ಜಿಎಸ್‌ಟಿ ಕಂಪಲ್ಸರಿ. ಇಲ್ಲಾಂದ್ರೆ ನೋಟಿಸ್ ಬರತ್ತೆ.”

ಈ ಹೆದರಿಕೆ ಎಲ್ಲಿಂದ ಬಂತು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆ ನೋಟಿಸ್ ಕಳಿಸಿದಾಗ ರಾಜ್ಯದ ತುಂಬ ಎಷ್ಟೋ ಅಂಗಡಿಗಳ ಮುಂದಿನ ಸ್ಕ್ಯಾನರ್ ಹೋಗಿ ‘ಕ್ಯಾಶ್ ಮಾತ್ರ’ ಎಂಬ ಚೀಟಿ ಬಂದವು. ಆ ಗದ್ದಲವನ್ನೇ ಈ ಕಂಪನಿಗಳು ಬಂಡವಾಳ ಮಾಡಿಕೊಂಡಿವೆ. ನಿಯಮ ಇಷ್ಟು: ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಗಿರಾಕಿಯ ಬಟ್ಟೆ ತಗೊಂಡು ಹೊಲಿದು ಕೊಡುವುದು ಸೇವೆ, ಹಾಗಾಗಿ ಇವಳ ಗೆರೆ 20 ಲಕ್ಷ. ಹೊರ ರಾಜ್ಯಕ್ಕೆ ಸರಕು ಮಾರುವಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಈ ಗೆರೆಗೆ ಮೊದಲೇ ಬೇಕಾಗುತ್ತದೆ. ಸ್ಕ್ಯಾನರಿಗೂ ನೋಂದಣಿಗೂ ಸಂಬಂಧವಿಲ್ಲ. ರೊಕ್ಕ ಕ್ಯಾಶಿನಲ್ಲಿ ಬಂದರೂ ಫೋನಿನಲ್ಲಿ ಬಂದರೂ ವಹಿವಾಟು ವಹಿವಾಟೇ.

ನೋಂದಣಿಗೆ ಸರಕಾರಿ ಶುಲ್ಕ ಇಲ್ಲ, ತಗೊಂಡು ಇಟ್ಟರೆ ಏನು ಹೋಯಿತು ಅನ್ನುವವರು ನನ್ನ ಮೇಜಿಗೆ ಬಂದು ಕೂರಬೇಕು. ಒಂದು ರೂಪಾಯಿ ವಹಿವಾಟು ಇಲ್ಲದಿದ್ದರೂ ‘ಸೊನ್ನೆ’ ಎಂದು ರಿಟರ್ನ್ ಹಾಕುತ್ತಲೇ ಇರಬೇಕು. ಮರೆತರೆ ಸೊನ್ನೆ ರಿಟರ್ನಿಗೆ ದಿನಕ್ಕೆ 20 ರೂಪಾಯಿ, ವಹಿವಾಟು ಇದ್ದರೆ ದಿನಕ್ಕೆ 50 ರೂಪಾಯಿ ತಡವಾದ ಶುಲ್ಕ. ಬೇಡವೆಂದು ರದ್ದು ಮಾಡಿಸಿದರೂ ಜಿಎಸ್‌ಟಿಆರ್-10 ಎಂಬ ಅಂತಿಮ ರಿಟರ್ನ್ ಹಾಕದೆ ಬಿಡುಗಡೆ ಇಲ್ಲ. ಈ ಪ್ಯಾಕೇಜಿನಲ್ಲಿ ರಿಟರ್ನ್ ಹಾಕಿಕೊಡುವ ಸೇವೆ ಮೊದಲ ಮೂರು ತಿಂಗಳು ಉಚಿತ. ನಾಲ್ಕನೆಯ ತಿಂಗಳಿಂದ ಎಷ್ಟು ಅಂತ ಕೇಳಿದೆ. ಅದು ‘ಪ್ಲಾನ್ ಮೇಲೆ’ ಅಂದರು. ಅವರ ಅಸಲಿ ವ್ಯಾಪಾರ ಅಲ್ಲಿದೆ.

ಲೋಗೋ. ಕರಿ ಹಿನ್ನೆಲೆ, ಬಂಗಾರದ ಬಣ್ಣದ ಸೂಜಿ, ಅದರ ಕಣ್ಣಿನಿಂದ ಹೊರಟ ದಾರವೇ ಇಂಗ್ಲಿಷಿನ ಅಕ್ಷರಗಳಾಗಿ ಬಳುಕಿಕೊಂಡು ಹೋಗಿದೆ. ಚೆಂದ ಇದೆ, ಸುಳ್ಳು ಹೇಳಬಾರದು. ಆದರೆ ಒಂದೂ ಕನ್ನಡ ಅಕ್ಷರ ಇಲ್ಲ. 2024ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ಅಂಗಡಿಯ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಅದೂ ಮೇಲಿನ ಭಾಗದಲ್ಲಿ. ಕರ್ನಾಟಕದ ಗಿರಾಕಿಗೆ ಅಂಗಡಿ ಪ್ಯಾಕೇಜ್ ಮಾರುವವರಿಗೆ ಇಷ್ಟು ಗೊತ್ತಿರಬೇಡವೇ? ಕೊನೆಗೆ ಬೋರ್ಡ್ ಬರೆಯುವವನೇ ಆ ಸೂಜಿಯನ್ನು ಉಳಿಸಿಕೊಂಡು, ದಾರದ ಜಾಗದಲ್ಲಿ ದಪ್ಪ ಕನ್ನಡ ಅಕ್ಷರ ಕೂರಿಸಿಕೊಟ್ಟ. ಡಿಸೈನಿಗೆ ಅಂತ ಬೇರೆ ರೊಕ್ಕ ಕೇಳಲಿಲ್ಲ.

ಪ್ರಾಜೆಕ್ಟ್ ರಿಪೋರ್ಟ್ ಇಪ್ಪತ್ತೊಂದು ಪುಟ, ಸ್ಪೈರಲ್ ಬೈಂಡಿಂಗ್. ಮೊದಲ ಹದಿನಾಲ್ಕು ಪುಟ ಭಾರತದ ಜವಳಿ ಉದ್ಯಮದ ಮಹಿಮೆ. ಅಂಗಡಿಯ ಲೆಕ್ಕ ಶುರುವಾಗುವುದು ಹದಿನೈದನೆಯ ಪುಟದಿಂದ: ದಿನಕ್ಕೆ 12 ಬ್ಲೌಸ್, ತಿಂಗಳಿಗೆ 26 ದಿನ, ಒಂದಕ್ಕೆ 450 ರೂಪಾಯಿ, ತಿಂಗಳ ಆದಾಯ 1,40,400.

“ದಿನಕ್ಕ ಹನ್ನೆರಡಾ? ಕಾಕಾ, ಇವ್ರೊಳಗ ಯಾರರ ಒಮ್ಮೆ ಮಷೀನ್ ಮುಂದ ಕುಂತಾರೇನ್ರಿ?”

ಕೂತಿಲ್ಲ ಅನ್ನುವುದು ಸ್ಪಷ್ಟ. ಲೈನಿಂಗ್ ಬ್ಲೌಸ್ ಒಂದಕ್ಕೆ ಏನೇನು ಕೆಲಸ ಅಂತ ಅವಳ ಬಾಯಿಂದ ಕೇಳಿ ಬರೆದುಕೊಂಡೆ. ಲೈನಿಂಗ್ ಬಟ್ಟೆಯನ್ನು ಮೊದಲೇ ನೆನೆಸಿ ಒಣಗಿಸಿ ಇಸ್ತ್ರಿ ಮಾಡಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಮೇಲಿನ ಬಟ್ಟೆ ಸುಕ್ಕಾಗುತ್ತದೆ. ಆಮೇಲೆ ಕಟಿಂಗ್, ಲೈನಿಂಗ್ ಜೋಡಿಸುವುದು, ಟಕ್ಸ್, ತೋಳು, ಕೊರಳಿಗೆ ಪೈಪಿಂಗ್, ಒಳಗಿನ ಅಂಚು ಬಿಚ್ಚದ ಹಾಗೆ ಓವರ್‌ಲಾಕ್. ಮಷೀನಿನಿಂದ ಎದ್ದ ಮೇಲೆ ಹುಕ್ಕು, ಕಾಜಾ, ಹೆಮ್ಮಿಂಗ್ ಎಲ್ಲ ಕೈಯಲ್ಲಿ. ಅಂಚಿನ ಖಣವಾದರೆ ಎರಡೂ ತೋಳಿನ ಅಂಚು ಒಂದೇ ಮಟ್ಟಕ್ಕೆ ಬರುವ ಹಾಗೆ ಕತ್ತರಿಸುವುದಕ್ಕೇ ಬೇರೆ ತಾಳ್ಮೆ ಬೇಕು. ಒಬ್ಬಳೇ ಕೂತರೆ ದಿನಕ್ಕೆ ನಾಲ್ಕು, ಬಹಳವಾದರೆ ಐದು. ನಾಲ್ಕರ ಲೆಕ್ಕ ಹಿಡಿದರೆ ತಿಂಗಳಿಗೆ 104 ಬ್ಲೌಸ್, ಅವರದೇ ದರದಲ್ಲಿ 46,800. ಅದೂ ಕೈತುಂಬ ಕೆಲಸ ಇರುವ ತಿಂಗಳು. ಶ್ರಾವಣದಿಂದ ದೀಪಾವಳಿ ತನಕ, ಆಮೇಲೆ ಲಗ್ನದ ಸೀಜನ್ನಿನಲ್ಲಿ ಹೊಲಿಗೆಯವರಿಗೆ ಉಣ್ಣಲಿಕ್ಕೆ ಪುರುಸೊತ್ತಿಲ್ಲ. ಆಷಾಢದಲ್ಲಿ ನೊಣ ಹೊಡೆಯಬೇಕು. ರಿಪೋರ್ಟಿನಲ್ಲಿ ಆಷಾಢಕ್ಕೂ ಶ್ರಾವಣಕ್ಕೂ ಒಂದೇ ಅಂಕಿ.

ತಮಾಷೆ ಏನೆಂದರೆ, ಈ ಗಾಳಿ ಲೆಕ್ಕದಲ್ಲೂ ವರ್ಷದ ವಹಿವಾಟು 16,84,800. ಇಪ್ಪತ್ತು ಲಕ್ಷ ಮುಟ್ಟುವುದಿಲ್ಲ. ಒಂದೇ ಕಂಪನಿಯ ಒಂದು ಕೈ ಜಿಎಸ್‌ಟಿ ಕಡ್ಡಾಯ ಅನ್ನುತ್ತದೆ, ಇನ್ನೊಂದು ಕೈ ಬೇಕಿಲ್ಲ ಎಂದು ಬರೆದುಕೊಟ್ಟಿದೆ. ಬ್ಯಾಂಕಿಗೆ ಈ ರಿಪೋರ್ಟ್ ಕೊಟ್ಟರೆ ಏನಾಗುತ್ತದೆ? ಸಾಲ ಸಿಗಲೂಬಹುದು, ಆದರೆ ಕಂತು ನಿಗದಿಯಾಗುವುದು ಆ ಹನ್ನೆರಡು ಬ್ಲೌಸಿನ ಮೇಲೆ, ಕಟ್ಟಬೇಕಾದದ್ದು ನಾಲ್ಕರಿಂದ. ನಾವು ಎರಡು ಪುಟದಲ್ಲಿ ಬೇರೆ ಬರೆದೆವು.

ಇನ್ನು ಪ್ಯಾಕೇಜಿನಲ್ಲಿ ಇಲ್ಲದ್ದು. ನನ್ನ ದೊಡ್ಡ ತಕರಾರು ಇಲ್ಲೇ ಇದೆ. ಒಂದು ಸಣ್ಣ ಅಂಗಡಿಗೆ ನಿಜವಾಗಿ ಬೇಕಾದ ಮೂರು ಕಾಗದ, ಬಾಡಿಗೆ ಕರಾರು, ಪಾಲಿಕೆಯ ಟ್ರೇಡ್ ಲೈಸೆನ್ಸು, ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ, ಇವುಗಳಲ್ಲಿ ಒಂದೂ ಆ ಪಟ್ಟಿಯಲ್ಲಿಲ್ಲ. ಯಾಕಿಲ್ಲ ಅಂದರೆ ಇವಕ್ಕೆ ಊರಲ್ಲಿ ಓಡಾಡಬೇಕು, ಎಲ್ಲೋ ಕೂತು ಒಟಿಪಿ ಕೇಳಿದರೆ ಆಗುವುದಿಲ್ಲ.

ಮೊದಲು ಬಾಡಿಗೆ ಕರಾರು. ಇ-ಸ್ಟ್ಯಾಂಪ್ ಮೇಲೆ, ಹನ್ನೊಂದು ತಿಂಗಳಿಗೆ, ಅಡ್ವಾನ್ಸ್ ಎಷ್ಟು, ಬಿಡುವಾಗ ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ ಎಲ್ಲ ಬರೆದಿರಬೇಕು. ಕರಾರಿಗೆ ಸಹಿ ಹಾಕುವ ದಿನವೇ ಮಾಲೀಕರಿಂದ ಆಸ್ತಿ ತೆರಿಗೆ ಕಟ್ಟಿದ ರಸೀದಿಯ ಝೆರಾಕ್ಸ್, ಒಂದು ಒಪ್ಪಿಗೆ ಪತ್ರ ಇಸಿದುಕೊಳ್ಳಿ. ಟ್ರೇಡ್ ಲೈಸೆನ್ಸಿಗೆ ಇವು ಬೇಕೇ ಬೇಕು, ಮತ್ತು ಅಡ್ವಾನ್ಸ್ ಕೈಗೆ ಬಂದ ಮೇಲೆ ಮಾಲೀಕರಿಗೆ ರಸೀದಿ ಹುಡುಕುವ ಹುರುಪು ಇರುವುದಿಲ್ಲ. ನಮ್ಮ ಮಾಲೀಕರದು ಹಿಂದಿನ ಬಾಕಿ ಇತ್ತು. ತೆರಿಗೆ ಕಟ್ಟಿ ರಸೀದಿ ತಂದ ಮೇಲೆ ಅಡ್ವಾನ್ಸಿನ ಎರಡನೇ ಕಂತು ಅಂದೆವು, ಕಟ್ಟಿದರು. ಹಾಗೇ ಮೀಟರ್ ನೋಡಿಕೊಳ್ಳಿ: ಮನೆಯ ಮೀಟರಿನಿಂದ ಎಳೆದ ವೈರಿನಲ್ಲಿ ಅಂಗಡಿ ನಡೆಸಬಾರದು. ಗೃಹಜ್ಯೋತಿಯ 200 ಯೂನಿಟ್ ಮನೆಗೆ ಮಾತ್ರ.

ಟ್ರೇಡ್ ಲೈಸೆನ್ಸಿನ ಶುಲ್ಕ ಯಾವ ವ್ಯಾಪಾರ, ಎಷ್ಟು ಜಾಗ ಅನ್ನುವುದರ ಮೇಲೆ ಬದಲಾಗುತ್ತದೆ. ಅಂಗಡಿ ನೋಂದಣಿ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ, ಶುರುವಾದ 30 ದಿನದೊಳಗೆ ಮಾಡಿಸಬೇಕು. ಇ-ಕಾರ್ಮಿಕ ತಾಣದಲ್ಲಿ ಅರ್ಜಿ, ಐದು ವರ್ಷಕ್ಕೆ ಚಾಲ್ತಿ. ಶುಲ್ಕ ಕೆಲಸಗಾರರ ಸಂಖ್ಯೆಯ ಮೇಲೆ. ಆಳು ಇಟ್ಟುಕೊಳ್ಳದವರಿಗೆ ನೂರರ ಲೆಕ್ಕದಲ್ಲೇ ಮುಗಿಯುತ್ತದೆ. ಈ ಎರಡೂ ಸೇರಿ, ಸ್ಟ್ಯಾಂಪೂ ಸೇರಿ, ನಮಗೆ ಎರಡು ಸಾವಿರದ ಒಳಗೇ ಆಯಿತು.

ಈಗ ಕರೆಂಟ್ ಅಕೌಂಟ್, ಅಂದರೆ ವ್ಯಾಪಾರದ ಬ್ಯಾಂಕ್ ಖಾತೆ. ಪ್ಯಾಕೇಜಿನಲ್ಲಿ ‘ಖಾತೆ ತೆರೆಯಲು ನೆರವು’ ಅಂತ ಒಂದು ಸಾಲಿದೆ, ಆ ನೆರವು ಯಾವುದೋ ಬ್ಯಾಂಕಿನ ಲಿಂಕ್ ಕಳಿಸುವುದು. ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮದಂತೆ ಒಬ್ಬರೇ ಮಾಲೀಕರ ವ್ಯವಹಾರಕ್ಕೆ ಖಾತೆ ತೆರೆಯಲು ವ್ಯವಹಾರದ ಹೆಸರಿನ ಎರಡು ದಾಖಲೆ ಕೇಳುತ್ತಾರೆ. ಎರಡು ಸಿಗುವುದೇ ಇಲ್ಲವೆಂದು ಬ್ಯಾಂಕಿಗೆ ಖಾತ್ರಿಯಾದರೆ ಒಂದಕ್ಕೂ ಒಪ್ಪಬಹುದು, ಆದರೆ ಅದು ಅವರ ಮರ್ಜಿ. ಉದ್ಯಮ್ ಒಂದು, ಅಂಗಡಿ ನೋಂದಣಿ ಇನ್ನೊಂದು; ಮುಗಿಯಿತು, ಜಿಎಸ್‌ಟಿ ಬೇಕಾಗಲಿಲ್ಲ. ಎಲ್ಲ ಕಾಗದದಲ್ಲೂ ಅಂಗಡಿಯ ಹೆಸರು, ವಿಳಾಸ ಅಕ್ಷರಶಃ ಒಂದೇ ಇರಬೇಕು. ಒಂದರಲ್ಲಿ ‘ಟೇಲರ್ಸ್’, ಇನ್ನೊಂದರಲ್ಲಿ ‘ಬೊಟಿಕ್’ ಅಂತ ಇದ್ದರೆ ಕೌಂಟರಿನವರು ವಾಪಸ್ ಕಳಿಸುತ್ತಾರೆ, ಕಳಿಸುವುದು ಅವರ ಕೆಲಸ. ಹೆಸರು ಗಟ್ಟಿ ಮಾಡಿ, ಕರಾರು, ಉದ್ಯಮ್, ಅಂಗಡಿ ನೋಂದಣಿ, ಆಮೇಲೆ ಖಾತೆ: ಈ ಸರದಿ ತಪ್ಪಿದರೆ ಪ್ರತಿಯೊಂದನ್ನೂ ಎರಡು ಸಲ ತಿದ್ದಬೇಕಾಗುತ್ತದೆ. ಪ್ಯಾಕೇಜ್ ಮಾರುವವರು ಕಾಗದ ಮಾರುತ್ತಾರೆ, ಸರದಿ ಹೇಳುವುದಿಲ್ಲ.

ಸಾಲದಲ್ಲೂ ಸರದಿ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಪ್ಯಾಕೇಜಿನವರು ‘ಮುದ್ರಾ ಲೋನ್ ಅಸಿಸ್ಟೆನ್ಸ್’ ಅಂತ ಮುದ್ರಾ ಕಡೆಗೇ ತಳ್ಳುತ್ತಿದ್ದರು. ಸಣ್ಣ ವ್ಯಾಪಾರಕ್ಕೆ ಬ್ಯಾಂಕುಗಳು ಕೊಡುವ ಈ ಮುದ್ರಾ ಸಾಲ ಒಳ್ಳೆಯದೇ, ಅಡಮಾನ ಇಲ್ಲ, 50,000ದ ತನಕ ಶಿಶು, ಐದು ಲಕ್ಷದ ತನಕ ಕಿಶೋರ್. ಆದರೆ 2023ರ ಸೆಪ್ಟೆಂಬರ್ 17ರಂದು ಶುರುವಾದ, ಕೈಕಸುಬಿನವರಿಗೆ ನೆರವಾಗುವ ಕೇಂದ್ರದ ಯೋಜನೆ ಪಿಎಂ ವಿಶ್ವಕರ್ಮದ 18 ಕಸುಬುಗಳಲ್ಲಿ ದರ್ಜಿ ಕಸುಬೂ ಇದೆ. ಅಲ್ಲಿ ಶೇಕಡಾ 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಅದನ್ನು ತೀರಿಸಿದ ಮೇಲೆ ಎರಡು ಲಕ್ಷ. ಸಲಕರಣೆಗೆ 15,000ದ ಇ-ವೋಚರ್. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ. ಮನೆಗೆ ಒಬ್ಬರಿಗೆ ಮಾತ್ರ. ಮುದ್ರಾ ಸಾಲ ತಗೊಂಡು ಅದು ಇನ್ನೂ ತೀರದಿದ್ದರೆ ವಿಶ್ವಕರ್ಮದ ಬಾಗಿಲು ಮುಚ್ಚಿದಂತೆ. ಪಿಎಂಇಜಿಪಿ (ಕೇಂದ್ರದ ಇನ್ನೊಂದು ಸ್ವಉದ್ಯೋಗ ಸಾಲದ ಯೋಜನೆ) ತಗೊಂಡವರಿಗೂ ಐದು ವರ್ಷ ವಿಶ್ವಕರ್ಮ ಇಲ್ಲ. ಮೊದಲು ಯಾವುದಕ್ಕೆ ಕೈ ಹಾಕಬೇಕು ಅನ್ನುವುದನ್ನು ಒಂದು ಪ್ಯಾಕೇಜಿನಲ್ಲಿ ಹೇಳಬೇಕಿತ್ತು ಅಂದರೆ ಅದು ಇದು. ಸರಕಾರಿ ಅರ್ಜಿ ತುಂಬಿಕೊಡುವ ಸಿಎಸ್‌ಸಿ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಅರ್ಜಿ ಹಾಕಿದ್ದಾಳೆ. ಮೂರು ಹಂತದ ಪರಿಶೀಲನೆ ಇದೆ, ನಡೆಯಲಿ. ಅಲ್ಲಿಯವರೆಗೆ ಅಪ್ಪನ ಉಳಿತಾಯ, ಸ್ವಲ್ಪ ಸಂಘದ ಸಾಲ.

ಹಾಗಾದರೆ ಅಂಗಡಿಗೆ ಅಸಲಿಗೆ ಎಷ್ಟು ಬಿತ್ತು? ಅಡ್ವಾನ್ಸ್ 50,000. ಪವರ್ ಮಷೀನ್, ಸರ್ವೋ ಮೋಟರಿನದು, 23,000. ಕ್ಲಚ್ ಮೋಟರಿನ ಹಳೇ ಮಷೀನ್ ಇದಕ್ಕಿಂತ ಬಹಳ ಅಗ್ಗಕ್ಕೆ ಸಿಗುತ್ತಿತ್ತು. ಅದು ಸ್ವಿಚ್ ಹಾಕಿದಾಗಿನಿಂದ ಗುಂಯ್ ಅನ್ನುತ್ತಲೇ ಇರುತ್ತದೆ, ಹೊಲಿಯಲಿ ಬಿಡಲಿ ಕರೆಂಟ್ ತಿನ್ನುತ್ತದೆ. ಸರ್ವೋ ಕಾಲಿಟ್ಟಾಗ ಮಾತ್ರ ತಿರುಗುತ್ತದೆ, ವೇಗವನ್ನೂ ಇಳಿಸಿಕೊಳ್ಳಬಹುದು, ಕೊರಳಿನ ತಿರುವಿನಲ್ಲಿ ಅದೇ ಬೇಕಾಗುವುದು. ಓವರ್‌ಲಾಕ್ ಸೆಕೆಂಡ್ ಹ್ಯಾಂಡ್ 11,000. ಕಟಿಂಗ್ ಟೇಬಲ್ 7,500, ಬಡಿಗೇರರ ಕೈಯಲ್ಲಿ ಅವಳ ಸೊಂಟದ ಎತ್ತರಕ್ಕೆ ಮಾಡಿಸಿದ್ದು. ರೆಡಿಮೇಡ್ ಟೇಬಲ್ ತಗೊಂಡವರು ಆಮೇಲೆ ಬೆನ್ನುನೋವಿಗೆ ಖರ್ಚು ಮಾಡುತ್ತಾರೆ. ಬೋರ್ಡ್ 5,000, ವೈರಿಂಗ್ ಲೈಟು 4,000, ಕನ್ನಡಿ ಪರದೆ 3,500, ಇಸ್ತ್ರಿ ಪೆಟ್ಟಿಗೆ 1,800. ದಾರ, ಹುಕ್ಕು, ಲೈನಿಂಗ್, ಫಾಲ್ ಎಲ್ಲ ಬಣ್ಣದ್ದೂ ಒಂದಷ್ಟು ಸೇರಿ 6,200. ಒಟ್ಟು 1,12,000. ಪೀಕೊಗೆ ಮನೆಯ ಹಳೆಯ ಮಷೀನೇ ಸದ್ಯಕ್ಕೆ. ಇದರ ಮೇಲೆ ಮೂರು ತಿಂಗಳ ಬಾಡಿಗೆ, ತಿಂಗಳಿಗೆ 6,000ದಂತೆ 18,000, ಬೇರೆ ಎತ್ತಿಟ್ಟಿದೆ. ಅದನ್ನು ಮುಟ್ಟಬಾರದು ಅಂತ ಹೇಳಿದ್ದೇನೆ, ಆಷಾಢಕ್ಕೆ ಬೇಕಾಗುತ್ತದೆ.

ಈ 1,30,000ಕ್ಕೆ ಸರಕಾರಕ್ಕೆ ಹೋದದ್ದನ್ನು ಸೇರಿಸಿದರೂ ಹೆಚ್ಚೆಂದರೆ ಇನ್ನೆರಡು ಸಾವಿರ. ಪ್ಯಾಕೇಜಿಗೆ ಕೊಟ್ಟದ್ದು ಆ ಎರಡು ಸಾವಿರದ ಎಂಟೊಂಬತ್ತು ಪಟ್ಟು. ಆ ರೊಕ್ಕದಲ್ಲಿ ಓವರ್‌ಲಾಕ್ ಬಂದು ಒಂದು ತಿಂಗಳ ಬಾಡಿಗೆಯೂ ಹೋಗುತ್ತಿತ್ತು.

ವಾಪಸ್ ಕೇಳಿದೆವು. ‘ಸರಕಾರಿ ಶುಲ್ಕ ನಾನ್-ರಿಫಂಡೆಬಲ್’ ಅಂತ ಉತ್ತರ ಬಂತು. ಯಾವ ಸರಕಾರಿ ಶುಲ್ಕ, ಚಲನ್ ನಂಬರ್ ಕೊಡಿ ಅಂದೆವು. ಆಮೇಲೆ ಉತ್ತರ ಇಲ್ಲ. ಆಗದ ಕೆಲಸಗಳ ಪಟ್ಟಿ ಮಾಡಿ, ಬಿಲ್ಲಿನ ಪ್ರತಿ ಹಚ್ಚಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇವೆ ಎಂದು ಇಮೇಲ್ ಬರೆದ ಮೇಲೆ ಫೋನ್ ಬಂತು, ಅದೇ ಹುಡುಗಿ, ಅದೇ ಸಮಾಧಾನ. 6,000 ಬಂದಿದೆ. ಉಳಿದದ್ದು ‘ಸರ್ವಿಸ್ ಡೆಲಿವರ್ಡ್’ ಅನ್ನುತ್ತಾರೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೂ ಟಾರ್ಗೆಟ್ ಇರುತ್ತದೆ.

ಇಂಥ ಸೇವೆ ಯಾರಿಗೂ ಬೇಡವೇ ಅಂದರೆ, ಹಾಗಲ್ಲ. ಪಾಲುದಾರಿಕೆ ಪತ್ರ, ಕಂಪನಿ ನೋಂದಣಿ, ಟ್ರೇಡ್‌ಮಾರ್ಕಿನ ಆಕ್ಷೇಪಣೆಗೆ ಉತ್ತರ ಬರೆಯುವುದು, ಇವಕ್ಕೆ ತಿಳಿದವರ ಕೈ ಬೇಕು, ಅವರಿಗೆ ಫೀಸ್ ಕೊಡಲೇಬೇಕು. ಕೊಡುವಾಗ ಸರಕಾರಿ ಶುಲ್ಕ ಎಷ್ಟು, ನಿಮ್ಮದು ಎಷ್ಟು ಎಂದು ಎರಡು ಸಾಲಿನಲ್ಲಿ ಬೇರೆ ಬೇರೆ ಬರೆಸಿಕೊಳ್ಳಿ. ಬರೆದುಕೊಡದವರ ಹತ್ತಿರ ಹೋಗಬೇಡಿ. ಬರೀ ಟೈಪ್ ಮಾಡುವವರು ಬೇಕಿದ್ದರೆ ಓಣಿಯ ಸೈಬರಿನವರು ಇದ್ದಾರೆ, ಎದುರಿಗೆ ಕೂತು ಇಮೇಲ್ ನಮ್ಮದೇ ಹಾಕಿಸಬಹುದು.

ಮೊನ್ನೆ ಅವಳ ಮೊಬೈಲಿಗೆ ಬಂದ ಮೆಸೇಜ್ ತೋರಿಸಿದಳು: ‘ನಿಮ್ಮ ಉದ್ಯಮ್ ರಿನ್ಯೂವಲ್ ಬಾಕಿ ಇದೆ, ಇಂದೇ 1,499 ಪಾವತಿಸಿ’. ಈ ಸಲ ನಂಬರ್ ಬೇರೆ, ತ್ರಿವರ್ಣ ಅದೇ. ಉದ್ಯಮ್ ಸರ್ಟಿಫಿಕೇಟಿಗೆ ರಿನ್ಯೂವಲ್ ಇಲ್ಲ. ನಿಮಗೂ ಬಂದರೆ ಬ್ಲಾಕ್ ಮಾಡಿ.